ವೆಬ್ ಬ್ರೌಸರ್ ಕುಸಿತ

ವೆಬ್ ಬ್ರೌಸರ್ ಕುಸಿತ ಎಂದರೆ ಜಾಲಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವು ಬಳಕೆದಾರರು ಮುಚ್ಚದೆಯೇ ಹಠಾತ್ತನೆ ಮುಚ್ಚಿಹೋಗುವ ಸ್ಥಿತಿ. ರೂಢಿಯಲ್ಲಿ ಇದನ್ನು ‘ಬ್ರೌಸರ್ ಕ್ರ್ಯಾಶ್ ಆಗುವುದು’ ಎನ್ನುತ್ತಾರೆ. ಅಪರೂಪಕ್ಕೊಮ್ಮೆ ಹೀಗಾದರೆ ಅದಕ್ಕೆ ಹೆಚ್ಚಿನ ಮಹತ್ವವಿಲ್ಲ. ಪದೇ ಪದೇ ಮರುಕಳಿಸುತ್ತಿದ್ದರೆ ಮೆಮೊರಿಯ ಕೊರತೆ, ಎಕ್ಸ್‌ಟೆನ್ಶನ್‌ನ ದೋಷ, ಗ್ರಾಫಿಕ್ಸ್ ಡ್ರೈವರ್‌ನ ತೊಂದರೆ, ಇತರ ತಂತ್ರಾಂಶಗಳ ಹಸ್ತಕ್ಷೇಪ, ಕೆಟ್ಟ ಪ್ರೊಫೈಲ್ ಅಥವಾ ಯಂತ್ರಾಂಶದ ದೋಷ ಇವುಗಳಲ್ಲಿ ಒಂದು ಸಾಮಾನ್ಯವಾಗಿ ಕಾರಣವಾಗಿರುತ್ತದೆ.

ಪಹಣಿ ಪಡೆಯುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಸಲ್ಲಿಸುವುದು, ಬ್ಯಾಂಕ್ ವ್ಯವಹಾರ, ಪರೀಕ್ಷಾ ಫಲಿತಾಂಶ ಮುಂತಾದ ನಿತ್ಯದ ಕೆಲಸಗಳು ಬ್ರೌಸರ್ ಮೂಲಕ ನಡೆಯುತ್ತಿರುವುದರಿಂದ ಕುಸಿತವು ಅರ್ಧ ತುಂಬಿದ ಅರ್ಜಿಯ ನಷ್ಟಕ್ಕೂ ಕೊನೆಯ ದಿನಾಂಕ ತಪ್ಪಿಹೋಗುವುದಕ್ಕೂ ಕಾರಣವಾಗಬಲ್ಲದು. ಆದರೆ ಉಳಿಸಿಟ್ಟ ಗುಪ್ತಪದಗಳು ಮತ್ತು ಪುಟಗುರುತುಗಳು ಕುಸಿತದಿಂದ ಅಳಿದುಹೋಗುವುದು ವಿರಳ. ಅದನ್ನು ಸರಿಪಡಿಸುವ ಅವಸರದಲ್ಲಿ ಎಲ್ಲವನ್ನೂ ಅಳಿಸಿಬಿಡುವುದರಿಂದಲೇ ಅವು ಹೆಚ್ಚಾಗಿ ಕಳೆದುಹೋಗುತ್ತವೆ. ಆದ್ದರಿಂದ ದೋಷ ಪತ್ತೆಯನ್ನು ಏನನ್ನೂ ಅಳಿಸದ ಕ್ರಮಗಳಿಂದ ಆರಂಭಿಸಿ, ಅಳಿಸುವ ಕ್ರಮಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಸೂಕ್ತ.

ಸ್ವರೂಪ

‘ಕುಸಿತ’ ಎಂಬ ಒಂದೇ ಮಾತಿನಡಿ ಬಳಕೆದಾರರು ಹಲವು ಭಿನ್ನ ತೊಂದರೆಗಳನ್ನು ಹೇಳುವುದುಂಟು. ಇವುಗಳ ಕಾರಣಗಳು ಬೇರೆ ಬೇರೆಯಾದ್ದರಿಂದ ಮೊದಲು ತೊಂದರೆಯ ಬಗೆಯನ್ನು ಗುರುತಿಸಬೇಕಾಗುತ್ತದೆ.

• ಪೂರ್ಣ ಕುಸಿತ: ಬ್ರೌಸರ್‌ನ ಎಲ್ಲ ಕಿಟಕಿಗಳೂ ಒಮ್ಮೆಲೇ ಮಾಯವಾಗುತ್ತವೆ. ಮುಂದಿನ ಬಾರಿ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಬೇಕೇ ಎಂಬ ಪ್ರಶ್ನೆ ಕಾಣಿಸಿಕೊಳ್ಳಬಹುದು.
• ಟ್ಯಾಬ್ ಕುಸಿತ: ಒಂದು ಪುಟ ಮಾತ್ರ ನಿಂತುಹೋಗಿ ಅದರ ಜಾಗದಲ್ಲಿ ದೋಷದ ಸೂಚನೆ ಬರುತ್ತದೆ. ಉಳಿದ ಪುಟಗಳು ಎಂದಿನಂತೆ ಕೆಲಸ ಮಾಡುತ್ತವೆ.
• ಸ್ತಬ್ಧತೆ: ಬ್ರೌಸರ್ ಮುಚ್ಚಿಹೋಗುವುದಿಲ್ಲ, ಆದರೆ ಮೌಸ್‌ಗಾಗಲಿ ಕೀಲಿಮಣೆಗಾಗಲಿ ಪ್ರತಿಕ್ರಿಯಿಸುವುದಿಲ್ಲ. ರೂಢಿಯಲ್ಲಿ ಇದಕ್ಕೆ ‘ಹ್ಯಾಂಗ್ ಆಗುವುದು’ ಎಂದು ಹೆಸರು.
• ಯಂತ್ರದ ಸ್ಥಗಿತ: ಗಣಕಯಂತ್ರವೇ ಆರಿ ಮತ್ತೆ ಚಾಲೂ ಆಗುತ್ತದೆ. ಇಲ್ಲಿ ಬ್ರೌಸರ್‌ಗಿಂತ ವಿದ್ಯುತ್ ಪೂರೈಕೆ, ಅತಿಯಾದ ಬಿಸಿ ಅಥವಾ ಯಂತ್ರಾಂಶವನ್ನು ಮೊದಲು ಪರಿಶೀಲಿಸಬೇಕು.

ಪುಟ ತೆರೆಯದೆ ‘ಸಂಪರ್ಕವಿಲ್ಲ’ ಎಂಬ ಸೂಚನೆ ಬರುವುದು ಕುಸಿತವಲ್ಲ. ಅದು ಜಾಲಸಂಪರ್ಕದ ತೊಂದರೆ. ಹಳೆಯ ನುಡಿ ಅಥವಾ ಇತರ ಫಾಂಟ್‌ಗಳಿಗೆಂದು ಸಿದ್ಧಪಡಿಸಿದ, ಯುನಿಕೋಡ್ ಅಲ್ಲದ ಕನ್ನಡ ಪಠ್ಯವು ಕಲಸಿದ ಅಕ್ಷರಗಳಂತೆ ಕಾಣುವುದೂ ಕುಸಿತವಲ್ಲ. ಇವೆರಡಕ್ಕೂ ಬ್ರೌಸರನ್ನು ಮರುಸ್ಥಾಪಿಸುವುದರಿಂದ ಪ್ರಯೋಜನವಾಗುವುದಿಲ್ಲ.

ಹಿನ್ನೆಲೆ

ಆರಂಭದ ಬ್ರೌಸರ್‌ಗಳಲ್ಲಿ ತೆರೆದ ಪುಟಗಳೆಲ್ಲ ಒಂದೇ ಪ್ರೊಸೆಸ್‌ನೊಳಗೆ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ಲೆಕ್ಕದಲ್ಲಿ ಒಂದೇ ಘಟಕವಾಗಿ ನಡೆಯುತ್ತಿದ್ದವು. ಒಂದು ಪುಟದಲ್ಲಿ ದೋಷ ಉಂಟಾದರೆ ಉಳಿದವೂ ಅದರೊಂದಿಗೆ ಮುಚ್ಚಿಹೋಗುತ್ತಿದ್ದವು. 2006ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಫೈರ್‌ಫಾಕ್ಸ್ 2, ಕುಸಿತದ ನಂತರ ಹಿಂದಿನ ಪುಟಗಳನ್ನು ಮರಳಿ ತೆರೆಯುವ ಸೌಲಭ್ಯವನ್ನು ತನ್ನೊಳಗೇ ಅಳವಡಿಸಿಕೊಂಡಿತು. ಇದು ಕುಸಿತವನ್ನು ತಡೆಯುವ ಉಪಾಯವಾಗಿರಲಿಲ್ಲ; ಅದರ ನಷ್ಟವನ್ನು ತಗ್ಗಿಸುವ ಉಪಾಯವಾಗಿತ್ತು.

2008ರ ಸೆಪ್ಟೆಂಬರ್ 2ರಂದು ಬಂದ ಗೂಗಲ್ ಕ್ರೋಮ್, ಪುಟಗಳನ್ನು ಪ್ರತ್ಯೇಕ ಪ್ರೊಸೆಸ್‌ಗಳಲ್ಲಿ ನಡೆಸುವ ವಿನ್ಯಾಸವನ್ನು ಜನಪ್ರಿಯಗೊಳಿಸಿತು. 2009ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಕೂಡ ಟ್ಯಾಬ್‌ಗಳನ್ನು ಪ್ರತ್ಯೇಕಿಸಿತು. ಆ ಕಾಲದ ಕುಸಿತಗಳಿಗೆ ಅಡೋಬ್ ಫ್ಲ್ಯಾಶ್‌ನಂತಹ ಪ್ಲಗಿನ್‌ಗಳು ಮುಖ್ಯ ಕಾರಣವಾಗಿದ್ದವು. 2010ರ ಜೂನ್‌ನಲ್ಲಿ ಫೈರ್‌ಫಾಕ್ಸ್ 3.6.4 ಪ್ಲಗಿನ್‌ಗಳನ್ನು ಬೇರೆ ಪ್ರೊಸೆಸ್‌ಗೆ ಸ್ಥಳಾಂತರಿಸಿದ ಬಳಿಕ, ಪ್ಲಗಿನ್ ಕುಸಿದರೂ ಬ್ರೌಸರ್ ಉಳಿಯುವಂತಾಯಿತು. 2016ರ ಆಗಸ್ಟ್‌ನ ಫೈರ್‌ಫಾಕ್ಸ್ 48ರಿಂದ ಪುಟಗಳನ್ನೂ ಹಂತಹಂತವಾಗಿ ಪ್ರತ್ಯೇಕಿಸಲಾಯಿತು. 2017ರ ನವೆಂಬರ್‌ನ ಫೈರ್‌ಫಾಕ್ಸ್ 57, ಬ್ರೌಸರ್‌ನ ಒಳರಚನೆಗೇ ಕೈಹಾಕಬಲ್ಲ ಹಳೆಯ ಮಾದರಿಯ ಆಡ್‌-ಆನ್‌ಗಳನ್ನು ಕೈಬಿಟ್ಟಿತು. ಫ್ಲ್ಯಾಶ್‌ಗೆ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.

ಪ್ರತ್ಯೇಕೀಕರಣಕ್ಕೆ ತೆರಬೇಕಾದ ಬೆಲೆ ಮೆಮೊರಿ. 2018ರಲ್ಲಿ ಕ್ರೋಮ್ 67 ಭದ್ರತೆಯ ದೃಷ್ಟಿಯಿಂದ ಪ್ರತಿ ತಾಣವನ್ನೂ ಬೇರೆ ಪ್ರೊಸೆಸ್‌ಗೆ ಹಾಕಿದಾಗ ಮೆಮೊರಿಯ ಬಳಕೆ ಸುಮಾರು ಶೇ. 10ರಿಂದ 13ರಷ್ಟು ಹೆಚ್ಚುತ್ತದೆ ಎಂದು ಗೂಗಲ್ ತಿಳಿಸಿತ್ತು. ಹೀಗೆ ಒಂದು ಬಗೆಯ ಕುಸಿತ ಕಡಿಮೆಯಾದಂತೆ, ಕಡಿಮೆ ಮೆಮೊರಿಯ ಯಂತ್ರಗಳಲ್ಲಿ ಇನ್ನೊಂದು ಬಗೆಯ ಒತ್ತಡ ಕಾಣಿಸಿಕೊಂಡಿತು.

ಕಾರಣಗಳು

ಮೆಮೊರಿಯ ಕೊರತೆ: ಬ್ರೌಸರ್ ಕೇಳಿದ ಮೆಮೊರಿಯನ್ನು ಕಾರ್ಯಾಚರಣ ವ್ಯವಸ್ಥೆ ಕೊಡಲಾಗದಿದ್ದರೆ ಕುಸಿತ ಸಂಭವಿಸುತ್ತದೆ. ವಿಂಡೋಸ್‌ನಲ್ಲಿ ರ‍್ಯಾಮ್‌ನ ಜೊತೆಗೆ ಡಿಸ್ಕಿನ ಒಂದು ಭಾಗವೂ ಪೇಜ್ ಫೈಲ್ ಎಂಬ ಹೆಸರಿನಲ್ಲಿ ಮೆಮೊರಿಯಾಗಿ ಬಳಕೆಯಾಗುತ್ತದೆ. ಡಿಸ್ಕ್ ತುಂಬಿದ್ದರೆ ಅಥವಾ ಪೇಜ್ ಫೈಲನ್ನು ನಿಷ್ಕ್ರಿಯಗೊಳಿಸಿದ್ದರೆ, ರ‍್ಯಾಮ್ ಇನ್ನೂ ಉಳಿದಿರುವಂತೆ ಕಂಡರೂ ಬ್ರೌಸರ್ ಕುಸಿಯಬಹುದು. ಈ ಒತ್ತಡವನ್ನು ತಗ್ಗಿಸಲೆಂದೇ 2021ರ ಅಕ್ಟೋಬರ್‌ನ ಫೈರ್‌ಫಾಕ್ಸ್ 93 ವಿಂಡೋಸ್‌ನಲ್ಲಿ, ಮೆಮೊರಿ ತೀರಾ ಕಡಿಮೆಯಾದಾಗ ಬಳಸದ ಟ್ಯಾಬ್‌ಗಳನ್ನು ತಾನೇ ಇಳಿಸುವ ವ್ಯವಸ್ಥೆಯನ್ನು ತಂದಿತು. 32 ಬಿಟ್ ಆವೃತ್ತಿಯ ಬ್ರೌಸರ್‌ನ ಒಂದು ಪ್ರೊಸೆಸ್ ಗರಿಷ್ಠ 4 ಜಿಬಿ ವಿಳಾಸಾವಕಾಶವನ್ನಷ್ಟೇ ಬಳಸಬಲ್ಲದು. ಯಂತ್ರದಲ್ಲಿ ಅದಕ್ಕಿಂತ ಹೆಚ್ಚು ರ‍್ಯಾಮ್ ಇದ್ದರೂ ಅದಕ್ಕೆ ದಕ್ಕುವುದಿಲ್ಲ.

ಎಕ್ಸ್‌ಟೆನ್ಶನ್‌ಗಳು: ಜಾಹೀರಾತು ತಡೆ, ವಿಡಿಯೊ ಇಳಿಕೆ, ಅನುವಾದ ಮುಂತಾದ ಕೆಲಸಗಳಿಗೆ ಸೇರಿಸಿಕೊಳ್ಳುವ ಕಿರುತಂತ್ರಾಂಶಗಳು ತೆರೆದ ಪ್ರತಿಯೊಂದು ಪುಟದಲ್ಲೂ ಕೆಲಸ ಮಾಡುತ್ತಿರಬಹುದು. ಇವು ಸಂಖ್ಯೆಯಲ್ಲಿ ಹೆಚ್ಚಾದಂತೆ ಮೆಮೊರಿಯ ಬಳಕೆಯೂ ಪರಸ್ಪರ ಘರ್ಷಣೆಯ ಸಾಧ್ಯತೆಯೂ ಹೆಚ್ಚುತ್ತವೆ.

ಗ್ರಾಫಿಕ್ಸ್ ಡ್ರೈವರ್: ವಿಡಿಯೊ, ನಕ್ಷೆ ಮತ್ತು ಚಲಿಸುವ ಚಿತ್ರಗಳನ್ನು ವೇಗವಾಗಿ ತೋರಿಸಲು ಬ್ರೌಸರ್ ಗ್ರಾಫಿಕ್ಸ್ ಚಿಪ್‌ನ ನೆರವು ಪಡೆಯುತ್ತದೆ. ಇದಕ್ಕೆ ಹಾರ್ಡ್‌ವೇರ್ ಅಕ್ಸೆಲರೇಶನ್ ಎಂದು ಹೆಸರು. ಚಿಪ್‌ನ ಡ್ರೈವರ್ ಹಳೆಯದಾಗಿದ್ದರೆ ಅಥವಾ ದೋಷಯುಕ್ತವಾಗಿದ್ದರೆ ವಿಡಿಯೊ ನೋಡುವಂತಹ ಸಂದರ್ಭಗಳಲ್ಲಿ ಕುಸಿತ ಕಾಣಿಸಿಕೊಳ್ಳಬಹುದು.

ಇತರ ತಂತ್ರಾಂಶಗಳ ಹಸ್ತಕ್ಷೇಪ: ವೈರಸ್ ನಿರೋಧಕ ಮತ್ತಿತರ ತಂತ್ರಾಂಶಗಳು ತಮ್ಮ ಸಂಕೇತವನ್ನು ಬ್ರೌಸರ್‌ನೊಳಗೆ ಸೇರಿಸುವುದುಂಟು. 2017ರ ನವೆಂಬರ್‌ನಲ್ಲಿ ಗೂಗಲ್ ನೀಡಿದ ಮಾಹಿತಿಯ ಪ್ರಕಾರ ವಿಂಡೋಸ್‌ನಲ್ಲಿ ಕ್ರೋಮ್ ಬಳಸುವವರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಜನರ ಯಂತ್ರಗಳಲ್ಲಿ ಕ್ರೋಮ್‌ನೊಂದಿಗೆ ವ್ಯವಹರಿಸುವ ಬೇರೆ ತಂತ್ರಾಂಶಗಳಿದ್ದವು. ಹೀಗೆ ಒಳಗೆ ಸಂಕೇತ ಸೇರಿಸುವ ತಂತ್ರಾಂಶವಿದ್ದ ಬಳಕೆದಾರರಿಗೆ ಕುಸಿತದ ಸಾಧ್ಯತೆ ಶೇ. 15ರಷ್ಟು ಹೆಚ್ಚಾಗಿತ್ತು.

ಕೆಟ್ಟ ಪ್ರೊಫೈಲ್: ಪುಟಗುರುತು, ಗುಪ್ತಪದ, ಚರಿತ್ರೆ, ಆಯ್ಕೆಗಳು ಇವೆಲ್ಲವನ್ನೂ ಬ್ರೌಸರ್ ಪ್ರೊಫೈಲ್ ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅಥವಾ ಡಿಸ್ಕ್ ದುರ್ಬಲವಾಗಿದ್ದರೆ ಇದರ ಕಡತಗಳು ಕೆಡಬಹುದು.

ಹಳೆಯ ವ್ಯವಸ್ಥೆ: ಹೊಸ ಪುಟಗಳು ಹಳೆಯ ಬ್ರೌಸರ್‌ನಿಂದ ಅದಕ್ಕೆ ತಿಳಿಯದ ಕೆಲಸಗಳನ್ನು ನಿರೀಕ್ಷಿಸುತ್ತವೆ. 2023ರ ಫೆಬ್ರುವರಿಯಲ್ಲಿ ಬಂದ 110ನೆಯ ಆವೃತ್ತಿಯಿಂದ ಕ್ರೋಮ್, ವಿಂಡೋಸ್ 7 ಮತ್ತು 8.1ಕ್ಕೆ ಬೆಂಬಲ ನಿಲ್ಲಿಸಿತು. ಈ ವ್ಯವಸ್ಥೆಗಳಿಗೆ ಫೈರ್‌ಫಾಕ್ಸ್‌ನ ಕೊನೆಯ ಶಾಖೆ 115ನೆಯ ದೀರ್ಘಾವಧಿ ಆವೃತ್ತಿ.

ಯಂತ್ರಾಂಶದ ದೋಷ: ರ‍್ಯಾಮ್ ಕೆಟ್ಟಿದ್ದರೆ ಕುಸಿತಕ್ಕೆ ಯಾವ ಕ್ರಮವೂ ಕಾಣುವುದಿಲ್ಲ; ಒಮ್ಮೆ ಒಂದು ಪುಟದಲ್ಲಿ, ಇನ್ನೊಮ್ಮೆ ಇನ್ನೊಂದರಲ್ಲಿ ಸಂಭವಿಸುತ್ತದೆ. ಬ್ರೌಸರ್ ಅಲ್ಲದ ತಂತ್ರಾಂಶಗಳೂ ಆಗಾಗ ಮುಚ್ಚಿಹೋಗುತ್ತಿದ್ದರೆ ಈ ಅನುಮಾನ ಬಲವಾಗುತ್ತದೆ.

ಲಿಪಿ ಮತ್ತು ಕುಸಿತ

ಕುಸಿತಕ್ಕೆ ಕೆಲವೊಮ್ಮೆ ಬರಹವೇ ಕಾರಣವಾಗುವುದುಂಟು. 2015ರ ಸೆಪ್ಟೆಂಬರ್‌ನಲ್ಲಿ, ಕೇವಲ 16 ಅಕ್ಷರಗಳ ಒಂದು ಜಾಲವಿಳಾಸವು ಆಗಿನ ಕ್ರೋಮ್ ಬ್ರೌಸರನ್ನು ಕುಸಿಯುವಂತೆ ಮಾಡುತ್ತಿದ್ದುದು ಬೆಳಕಿಗೆ ಬಂತು. ಆ ಕೊಂಡಿಯನ್ನು ಒತ್ತಬೇಕಾಗಿರಲಿಲ್ಲ. ಮೌಸನ್ನು ಅದರ ಮೇಲೆ ತಂದರೆ ಸಾಕಾಗಿತ್ತು.

ಭಾರತೀಯ ಲಿಪಿಗಳಿಗೆ ಸಂಬಂಧಿಸಿದ ಪ್ರಸಿದ್ಧ ಘಟನೆ ನಡೆದದ್ದು 2018ರ ಫೆಬ್ರುವರಿಯಲ್ಲಿ. ಆ್ಯಪಲ್ ಕಂಪನಿಯ ಐಫೋನ್ ಮತ್ತು ಮ್ಯಾಕ್ ಗಣಕಗಳು ತೆಲುಗಿನ ‘ಜ್ಞಾ’ ಅಕ್ಷರದ ಒಂದು ನಿರ್ದಿಷ್ಟ ರೂಪವನ್ನು ತೋರಿಸಲು ಹೋಗಿ ವಿಫಲವಾಗುತ್ತಿದ್ದವು. ಆ ರೂಪದಲ್ಲಿ ಒತ್ತಕ್ಷರಕ್ಕೂ ಸ್ವರಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿತ್ತು. ಅದನ್ನು ತೋರಿಸಬೇಕಾಗಿ ಬಂದ ಸಂದೇಶ ಮತ್ತು ಸಂವಹನ ಆ್ಯಪ್‌ಗಳು ಮುಚ್ಚಿಹೋಗುತ್ತಿದ್ದವು; ಸೂಚನಾಪಟ್ಟಿಯಲ್ಲಿ ಅದು ಬಂದರೆ ಫೋನಿನ ಮುಖಪರದೆಯೇ ಕುಸಿಯುತ್ತಿತ್ತು. ಬಂಗಾಳಿ ಮತ್ತು ದೇವನಾಗರಿ ಲಿಪಿಗಳ ಕೆಲವು ಜೋಡಣೆಗಳಲ್ಲೂ ಇದೇ ದೋಷ ಕಂಡುಬಂತು. ಆ್ಯಪಲ್ 2018ರ ಫೆಬ್ರುವರಿ 19ರಂದು ಬಿಡುಗಡೆ ಮಾಡಿದ ಐಓಎಸ್ 11.2.6 ಮತ್ತು ಮ್ಯಾಕ್‌ನ ಪೂರಕ ಪರಿಷ್ಕರಣೆಯಲ್ಲಿ ಇದನ್ನು ಸರಿಪಡಿಸಿತು.

ಆ ಕಾಣದ ಸಂಕೇತ ಕನ್ನಡ ಬರಹಕ್ಕೂ ಅಪರಿಚಿತವಲ್ಲ. ‘ಸಾಫ್ಟ್‌ವೇರ್’ ಎಂಬ ಪದದಲ್ಲಿ ‘ಟ’ಕಾರಕ್ಕೆ ‘ವ’ಕಾರ ಒತ್ತಾಗದಂತೆ ತಡೆಯುವುದು, ‘ಬ್ರೌಸರ್‌ನಲ್ಲಿ’ ಎಂದು ಬರೆಯುವಾಗ ‘ರ್’ ಮತ್ತು ‘ನ’ಗಳನ್ನು ಬಿಡಿಸಿಡುವುದು ಇದೇ ಸಂಕೇತ. ಕನ್ನಡದಂತಹ ಲಿಪಿಗಳಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಲದು. ಒತ್ತಕ್ಷರ, ಅರ್ಕಾವತ್ತು, ಗುಣಿತಚಿಹ್ನೆಗಳನ್ನು ಲೆಕ್ಕಹಾಕಿ ಜೋಡಿಸಬೇಕು. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ನಿರ್ವಹಿಸುತ್ತದೆ. ಒಂದು ಕನ್ನಡ ಪುಟ ತೆರೆದಾಗ ಮಾತ್ರ ಕುಸಿತವಾಗುತ್ತಿದ್ದರೆ ಆ ಪುಟದ ವಿಳಾಸವನ್ನು ಬ್ರೌಸರ್ ತಯಾರಕರಿಗೆ ವರದಿ ಮಾಡುವುದು ಉಪಯುಕ್ತ. ಕನ್ನಡ ಟೈಪಿಸುವಾಗ ಮಾತ್ರ ಆಗುತ್ತಿದ್ದರೆ, ಪ್ರತ್ಯೇಕವಾಗಿ ಹಾಕಿಕೊಂಡ ಕೀಲಿಮಣೆ ತಂತ್ರಾಂಶವನ್ನು ಮುಚ್ಚಿ, ಕಾರ್ಯಾಚರಣ ವ್ಯವಸ್ಥೆಯಲ್ಲೇ ಇರುವ ಕನ್ನಡ ಕೀಲಿಮಣೆಯಿಂದ ಪರೀಕ್ಷಿಸಬಹುದು.

ಮೊದಲ ಕೆಲಸ: ಮಾಹಿತಿಯ ರಕ್ಷಣೆ

ಕುಸಿತದ ನಂತರ ಬ್ರೌಸರನ್ನು ತೆರೆದ ಕೂಡಲೇ, ಬೇರೆ ಪುಟಗಳಿಗೆ ಹೋಗುವ ಮುನ್ನವೇ, ಹಿಂದಿನ ಪುಟಗಳನ್ನು ಮರಳಿ ತರುವ ಆಯ್ಕೆಯನ್ನು ಬಳಸುವುದು ಒಳ್ಳೆಯದು. ಫೈರ್‌ಫಾಕ್ಸ್‌ನಲ್ಲಿ ಇದು ‘ಹಿಸ್ಟರಿ’ ಪಟ್ಟಿಯಲ್ಲಿದೆ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ‘ಟಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮುಚ್ಚಿಹೋದ ಪುಟಗಳು ತೆರೆಯುತ್ತವೆ. ಯಾವುದೋ ಒಂದು ಪುಟವೇ ಕುಸಿತಕ್ಕೆ ಕಾರಣವಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ತೆರೆದಾಗ ಮತ್ತೆ ಕುಸಿತವಾಗುತ್ತದೆ. ಅಂತಹ ಸಂದರ್ಭದಲ್ಲಿ ಫೈರ್‌ಫಾಕ್ಸ್ ಪುಟಗಳ ಪಟ್ಟಿಯನ್ನು ತೋರಿಸುತ್ತದೆ. ಅನುಮಾನವಿರುವ ಪುಟದ ಗುರುತನ್ನು ತೆಗೆದು ಉಳಿದವನ್ನು ತೆರೆಯಬಹುದು.

ದುರಸ್ತಿಗೆ ತೊಡಗುವ ಮುನ್ನ ಪುಟಗುರುತುಗಳನ್ನು ಒಂದು ಕಡತವಾಗಿ ಹೊರತೆಗೆದು ಇಟ್ಟುಕೊಳ್ಳಬೇಕು. ಗುಪ್ತಪದಗಳನ್ನೂ ಹೀಗೆ ಹೊರತೆಗೆಯಬಹುದು. ಆದರೆ ಆ ಕಡತವು ಯಾರು ಬೇಕಾದರೂ ಓದಬಹುದಾದ ಸಾದಾ ಪಠ್ಯವಾಗಿರುವುದರಿಂದ ಕೆಲಸ ಮುಗಿದ ಮೇಲೆ ಅದನ್ನು ಅಳಿಸಿಹಾಕಬೇಕು. ಫೈರ್‌ಫಾಕ್ಸ್‌ನಲ್ಲಿ ಗುಪ್ತಪದಗಳ ಕಡತ ಒಂದು, ಅದನ್ನು ಬಿಡಿಸುವ ಕೀಲಿಯ ಕಡತ ಇನ್ನೊಂದು. ಆದ್ದರಿಂದ ಒಂದೆರಡು ಕಡತಗಳ ಬದಲು ಇಡೀ ಪ್ರೊಫೈಲ್ ಫೋಲ್ಡರನ್ನು ನಕಲು ಮಾಡಿಡುವುದು ಸುರಕ್ಷಿತ. ವಿಂಡೋಸ್‌ನ ಕ್ರೋಮ್‌ನಲ್ಲಿ ಗುಪ್ತಪದಗಳು ಆ ಯಂತ್ರದ ಬಳಕೆದಾರ ಖಾತೆಗೆ ಬೆಸೆದುಕೊಂಡಿರುವುದರಿಂದ, ಫೋಲ್ಡರಿನ ನಕಲನ್ನು ಬೇರೆ ಗಣಕಕ್ಕೆ ಒಯ್ದರೆ ಅವು ತೆರೆಯದೆ ಹೋಗಬಹುದು.

ಹಣ ಪಾವತಿಸುವಾಗ ಕುಸಿತವಾದರೆ ತಕ್ಷಣ ಎರಡನೆಯ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕಿನ ಸಂದೇಶವನ್ನೂ ಖಾತೆಯ ವಿವರವನ್ನೂ ಅರ್ಜಿಯ ಸ್ಥಿತಿಯನ್ನೂ ನೋಡಬೇಕು. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿಗೆ ಪಾವತಿಸುವಾಗ ಖಾತೆಯಿಂದ ಹಣ ಕಡಿತವಾಗಿಯೂ ಎದುರು ಕಡೆಯ ದೃಢೀಕರಣ ಬಾರದಿದ್ದರೆ, ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.

ದೋಷ ಪತ್ತೆಯ ಕ್ರಮ

ಒಮ್ಮೆಗೆ ಒಂದನ್ನೇ ಬದಲಿಸಿ ಪರಿಣಾಮವನ್ನು ನೋಡುವುದು ದೋಷ ಪತ್ತೆಯ ಮೂಲತತ್ತ್ವ. ಹಲವು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ತೊಂದರೆ ನಿಂತರೂ ಅದರ ಕಾರಣ ತಿಳಿಯುವುದಿಲ್ಲ. ಕೆಳಗಿನ ಕ್ರಮಗಳಲ್ಲಿ ಮೊದಲ ಏಳರಿಂದ ಬಳಕೆದಾರರ ಯಾವ ಮಾಹಿತಿಯೂ ಅಳಿಯುವುದಿಲ್ಲ.

1. ಗಮನಿಸುವುದು: ಕುಸಿತ ಯಾವಾಗ, ಯಾವ ಪುಟದಲ್ಲಿ, ಏನು ಮಾಡುವಾಗ ಆಯಿತು ಎಂಬುದನ್ನು ಎರಡು ಮೂರು ಬಾರಿ ಬರೆದಿಟ್ಟುಕೊಳ್ಳಬೇಕು. ಒಂದೇ ತಾಣದಲ್ಲಿ ಆಗುತ್ತಿದ್ದರೆ ಅದೇ ಪುಟವನ್ನು ಬೇರೆ ಬ್ರೌಸರ್‌ನಲ್ಲಿ ತೆರೆದು ನೋಡಬೇಕು. ಅಲ್ಲಿಯೂ ಕುಸಿದರೆ ದೋಷ ಪುಟದಲ್ಲಿ ಅಥವಾ ಯಂತ್ರದಲ್ಲಿ ಇರುವ ಸಾಧ್ಯತೆ ಹೆಚ್ಚು.

2. ಗಣಕಯಂತ್ರವನ್ನು ಮರುಚಾಲನೆ ಮಾಡಿ, ಬ್ರೌಸರನ್ನು ಇತ್ತೀಚಿನ ಆವೃತ್ತಿಗೆ ತರಬೇಕು. ‘ಅಬೌಟ್’ ಪುಟವನ್ನು ತೆರೆದರೆ ಹೊಸ ಆವೃತ್ತಿಯ ಹುಡುಕಾಟ ತಾನಾಗಿ ನಡೆಯುತ್ತದೆ.

3. ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಕ್ರೋಮ್‌ನ ಕಾರ್ಯಪಟ್ಟಿಯೂ ಹೊಸ ಫೈರ್‌ಫಾಕ್ಸ್‌ನ ಪ್ರೊಸೆಸ್ ಪಟ್ಟಿಯೂ ತೆರೆಯುತ್ತದೆ. ಯಾವ ಪುಟ ಎಷ್ಟು ಮೆಮೊರಿ ಬಳಸುತ್ತಿದೆ ಎಂಬುದು ಅಲ್ಲಿ ಕಾಣುತ್ತದೆ. ಇದರೊಂದಿಗೆ ಡಿಸ್ಕಿನಲ್ಲಿ ಖಾಲಿ ಜಾಗವಿದೆಯೇ, ಪೇಜ್ ಫೈಲಿನ ನಿರ್ವಹಣೆಯನ್ನು ವಿಂಡೋಸ್‌ಗೇ ಬಿಡಲಾಗಿದೆಯೇ ಎಂಬುದನ್ನೂ ನೋಡಬೇಕು.

4. ಎಲ್ಲ ಎಕ್ಸ್‌ಟೆನ್ಶನ್‌ಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಕುಸಿತ ನಿಂತರೆ ಅರ್ಧದಷ್ಟನ್ನು ಮತ್ತೆ ಚಾಲೂ ಮಾಡಿ, ತೊಂದರೆ ಯಾವ ಅರ್ಧದಲ್ಲಿದೆ ಎಂದು ನೋಡಿ, ಆ ಅರ್ಧವನ್ನು ಮತ್ತೆ ವಿಭಾಗಿಸುತ್ತ ಹೋಗಬೇಕು. 16 ಎಕ್ಸ್‌ಟೆನ್ಶನ್‌ಗಳಿದ್ದರೂ ನಾಲ್ಕು ಸುತ್ತಿನಲ್ಲಿ ದೋಷವಿರುವ ಒಂದು ಸಿಗುತ್ತದೆ. ಫೈರ್‌ಫಾಕ್ಸನ್ನು ಶಿಫ್ಟ್ ಕೀಲಿ ಒತ್ತಿ ಹಿಡಿದು ತೆರೆದರೆ ದೋಷ ಪತ್ತೆಯ ವಿಶೇಷ ಸ್ಥಿತಿಯ ಆಯ್ಕೆ ಬರುತ್ತದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳೂ ಹಾರ್ಡ್‌ವೇರ್ ಅಕ್ಸೆಲರೇಶನ್ ಕೂಡ ತಾತ್ಕಾಲಿಕವಾಗಿ ನಿಲ್ಲುತ್ತವೆ. ಆಗ ಬರುವ ಚೌಕದಲ್ಲಿ ‘ರಿಫ್ರೆಶ್’ ಎಂಬ ಇನ್ನೊಂದು ಗುಂಡಿಯೂ ಇರುತ್ತದೆ; ಈ ಹಂತದಲ್ಲಿ ಅದನ್ನು ಒತ್ತಬಾರದು.

5. ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಅಕ್ಸೆಲರೇಶನನ್ನು ನಿಲ್ಲಿಸಿ, ಬ್ರೌಸರನ್ನು ಮತ್ತೆ ತೆರೆದು ನೋಡಬೇಕು. ಕುಸಿತ ನಿಂತರೆ ಗ್ರಾಫಿಕ್ಸ್ ಡ್ರೈವರನ್ನು ತಯಾರಕರ ತಾಣದಿಂದ ಪರಿಷ್ಕರಿಸಿ, ಸೌಲಭ್ಯವನ್ನು ಮತ್ತೆ ಚಾಲೂ ಮಾಡಬಹುದು.

6. ಹೊಸ ಪ್ರೊಫೈಲೊಂದನ್ನು ಸೃಷ್ಟಿಸಿ ಅದರಲ್ಲಿ ಕೆಲಸ ಮಾಡಿ ನೋಡಬೇಕು. ಹಳೆಯ ಪ್ರೊಫೈಲ್ ಹಾಗೆಯೇ ಉಳಿಯುತ್ತದೆ. ಹೊಸದರಲ್ಲಿ ಕುಸಿತವಿಲ್ಲದಿದ್ದರೆ ದೋಷ ಹಳೆಯ ಪ್ರೊಫೈಲಿನಲ್ಲಿದೆ ಎಂದು ತಿಳಿಯಬಹುದು.

7. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕುಸಿತದ ಸಮಯದ ದಾಖಲೆಯನ್ನು ತೆರೆದರೆ, ದೋಷ ಉಂಟಾದ ಕಡತದ ಹೆಸರು ಸಿಗುತ್ತದೆ. ಅದು ವೈರಸ್ ನಿರೋಧಕದ ಅಥವಾ ಗ್ರಾಫಿಕ್ಸ್ ಡ್ರೈವರಿನ ಕಡತವಾಗಿದ್ದರೆ ದಾರಿ ಸ್ಪಷ್ಟವಾಗುತ್ತದೆ. ಅನುಮಾನವಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಸಾಧನದಿಂದ ರ‍್ಯಾಮನ್ನೂ ಪರೀಕ್ಷಿಸಬಹುದು.

8. ಇಷ್ಟರಿಂದ ಪರಿಹಾರವಾಗದಿದ್ದರೆ ಮಾತ್ರ ಬ್ರೌಸರ್‌ನ ಆಯ್ಕೆಗಳನ್ನು ಮೂಲಸ್ಥಿತಿಗೆ ತರಬೇಕು. ಕ್ರೋಮ್‌ನ ‘ರೀಸೆಟ್’ ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿ ಕುಕಿಗಳಂತಹ ತಾತ್ಕಾಲಿಕ ಮಾಹಿತಿಯನ್ನು ಅಳಿಸುತ್ತದೆ. ಪುಟಗುರುತು, ಚರಿತ್ರೆ ಮತ್ತು ಉಳಿಸಿಟ್ಟ ಗುಪ್ತಪದಗಳನ್ನು ಮುಟ್ಟುವುದಿಲ್ಲ. ಫೈರ್‌ಫಾಕ್ಸ್‌ನ ‘ರಿಫ್ರೆಶ್’ ಎಕ್ಸ್‌ಟೆನ್ಶನ್‌ಗಳನ್ನು ತೆಗೆದುಹಾಕಿ, ಪುಟಗುರುತು ಮತ್ತು ಗುಪ್ತಪದಗಳನ್ನು ಉಳಿಸಿಕೊಂಡು, ಹಳೆಯ ಮಾಹಿತಿಯ ಫೋಲ್ಡರೊಂದನ್ನು ಡೆಸ್ಕ್‌ಟಾಪ್‌ನಲ್ಲಿ ಇಡುತ್ತದೆ.

9. ಮರುಸ್ಥಾಪನೆ ಕೊನೆಯ ಕ್ರಮ. ಬ್ರೌಸರನ್ನು ತೆಗೆದು ಮತ್ತೆ ಹಾಕಿದರೂ ಸಾಮಾನ್ಯವಾಗಿ ಪ್ರೊಫೈಲ್ ಹಾಗೆಯೇ ಉಳಿಯುವುದರಿಂದ, ಕೆಟ್ಟ ಪ್ರೊಫೈಲಿನಿಂದ ಬಂದ ತೊಂದರೆ ಇದರಿಂದ ನಿವಾರಣೆಯಾಗುವುದಿಲ್ಲ. ಕ್ರೋಮನ್ನು ತೆಗೆಯುವಾಗ ‘ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೇ’ ಎಂಬ ಅರ್ಥದ ಆಯ್ಕೆಯೊಂದು ಕಾಣುತ್ತದೆ. ನಕಲು ಇಟ್ಟುಕೊಳ್ಳದವರು ಅದಕ್ಕೆ ಗುರುತು ಹಾಕಿದರೆ ಗುಪ್ತಪದಗಳೂ ಪುಟಗುರುತುಗಳೂ ಆ ಯಂತ್ರದಿಂದ ಹೋಗುತ್ತವೆ.

ಮೊಬೈಲ್ ಫೋನ್‌ಗಳಲ್ಲಿ

ಆಂಡ್ರಾಯ್ಡ್ ಫೋನ್‌ಗಳಲ್ಲಿ ಬ್ರೌಸರ್ ಅಲ್ಲದ ಅನೇಕ ಆ್ಯಪ್‌ಗಳೂ ಜಾಲಪುಟಗಳನ್ನು ತೋರಿಸಲು ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಘಟಕವನ್ನು ಬಳಸುತ್ತವೆ. 2021ರ ಮಾರ್ಚ್ 22 ಮತ್ತು 23ರಂದು ಈ ಘಟಕದ ದೋಷದಿಂದ ಜಿಮೇಲ್ ಸೇರಿದಂತೆ ಅನೇಕ ಆ್ಯಪ್‌ಗಳು ಜಗತ್ತಿನಾದ್ಯಂತ ತೆರೆದೊಡನೆ ಮುಚ್ಚಿಹೋಗತೊಡಗಿದವು. ಗೂಗಲ್, ವೆಬ್‌ವ್ಯೂ ಮತ್ತು ಕ್ರೋಮ್‌ನ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡಿದ ಮೇಲೆ ತೊಂದರೆ ನಿಂತಿತು. ಹಲವು ಆ್ಯಪ್‌ಗಳು ಒಂದೇ ದಿನ ಒಟ್ಟಿಗೆ ಕುಸಿಯತೊಡಗಿದರೆ ಮೊದಲು ಪ್ಲೇ ಸ್ಟೋರ್‌ನಲ್ಲಿ ಈ ಘಟಕದ ಪರಿಷ್ಕರಣೆ ಬಂದಿದೆಯೇ ಎಂದು ನೋಡುವುದು ಸೂಕ್ತ. ಫೋನನ್ನೇ ಮೂಲಸ್ಥಿತಿಗೆ ತರಬೇಕಾದ ಅಗತ್ಯ ಇಂತಹ ಸಂದರ್ಭದಲ್ಲಿ ಇರುವುದಿಲ್ಲ.

ಕಡಿಮೆ ಮೆಮೊರಿಯ ಫೋನ್‌ಗಳಲ್ಲಿ ಕುಸಿತವೆಂದು ತೋರುವ ಇನ್ನೊಂದು ತೊಂದರೆಯಿದೆ. ಅರ್ಜಿ ತುಂಬುತ್ತಿರುವಾಗ ಒಟಿಪಿ ನೋಡಲೆಂದು ಸಂದೇಶಗಳ ಆ್ಯಪ್‌ಗೆ ಹೋಗಿ ಹಿಂದಿರುಗುವಷ್ಟರಲ್ಲಿ ಪುಟ ಮೊದಲಿನಿಂದ ತೆರೆದುಕೊಳ್ಳುತ್ತದೆ, ತುಂಬಿದ್ದೆಲ್ಲ ಅಳಿದಿರುತ್ತದೆ. ಹಿನ್ನೆಲೆಗೆ ಸರಿದ ಬ್ರೌಸರನ್ನು ಮೆಮೊರಿ ಉಳಿಸಲು ಆಂಡ್ರಾಯ್ಡ್ ಮುಚ್ಚುವುದೇ ಇದಕ್ಕೆ ಕಾರಣ. ಇತರ ಆ್ಯಪ್‌ಗಳನ್ನು ಮೊದಲೇ ಮುಚ್ಚುವುದು, ಒಟಿಪಿಯನ್ನು ಪರದೆಯ ಮೇಲ್ಭಾಗದ ಸೂಚನಾಪಟ್ಟಿಯಲ್ಲೇ ಓದಿಕೊಳ್ಳುವುದು, ಇಲ್ಲವೇ ಅದು ಬೇರೊಂದು ಫೋನಿಗೆ ಬರುವಂತಿದ್ದರೆ ಅಲ್ಲಿಯೇ ನೋಡುವುದು ಇದಕ್ಕೆ ಸರಳ ಉಪಾಯಗಳು.

ಆಂಡ್ರಾಯ್ಡ್‌ನ ಆ್ಯಪ್ ಮಾಹಿತಿ ಪುಟದಲ್ಲಿ ಎರಡು ಪ್ರತ್ಯೇಕ ಆಯ್ಕೆಗಳಿರುತ್ತವೆ. ‘ಕ್ಯಾಶ್’ ಅಳಿಸುವುದರಿಂದ ಮತ್ತೆ ತರಿಸಿಕೊಳ್ಳಬಹುದಾದ ತಾತ್ಕಾಲಿಕ ಕಡತಗಳು ಮಾತ್ರ ಹೋಗುತ್ತವೆ. ‘ಸಂಗ್ರಹ’ ಅಥವಾ ‘ಡೇಟಾ’ ಅಳಿಸಿದರೆ ತೆರೆದ ಟ್ಯಾಬ್‌ಗಳು, ಲಾಗಿನ್‌ಗಳು ಮತ್ತು ಆನ್‌ಲೈನ್ ಖಾತೆಗೆ ಜೋಡಿಸದ ಪುಟಗುರುತುಗಳೂ ಹೋಗುತ್ತವೆ. ಹೆಸರುಗಳು ಹತ್ತಿರವಿದ್ದರೂ ಪರಿಣಾಮಗಳು ದೂರದವು.

ಕುಸಿತದ ವರದಿ

ಕುಸಿತವಾದಾಗ ಬ್ರೌಸರ್ ಆ ಕ್ಷಣದ ತಾಂತ್ರಿಕ ವಿವರಗಳನ್ನು ಒಂದು ವರದಿಯಾಗಿ ಸಿದ್ಧಪಡಿಸುತ್ತದೆ. ವಿಳಾಸಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಬೌಟ್:ಕ್ರ್ಯಾಶಸ್’ ಎಂದು ಟೈಪಿಸಿದರೆ ಫೈರ್‌ಫಾಕ್ಸ್‌ನ ಹಿಂದಿನ ವರದಿಗಳ ಪಟ್ಟಿ ಕಾಣುತ್ತದೆ. ಕ್ರೋಮ್‌ನಲ್ಲಿ ‘ಕ್ರೋಮ್’ ಪದದ ಮುಂದೆ ವಿವರಣ ಚಿಹ್ನೆ ಮತ್ತು ಎರಡು ಓರೆಗೆರೆಗಳನ್ನು ಹಾಕಿ ‘ಕ್ರ್ಯಾಶಸ್’ ಎಂದು ಬರೆಯಬೇಕು. ವರದಿ ಕಳುಹಿಸುವುದು ಕಡ್ಡಾಯವಲ್ಲ. ತೆರೆದಿದ್ದ ಪುಟದ ವಿಳಾಸ ಮತ್ತು ಮೆಮೊರಿಯಲ್ಲಿದ್ದ ಮಾಹಿತಿಯ ತುಣುಕುಗಳು ಅದರಲ್ಲಿ ಸೇರಿರುವ ಸಾಧ್ಯತೆ ಇರುವುದರಿಂದ, ಬ್ಯಾಂಕ್ ಪುಟದಲ್ಲಿದ್ದಾಗ ಕುಸಿತವಾದರೆ ಈ ಅಂಶವನ್ನು ಗಮನಿಸಬೇಕು. ಉಳಿದ ಸಂದರ್ಭಗಳಲ್ಲಿ ಇಂತಹ ವರದಿಗಳು ತಯಾರಕರಿಗೆ ದೋಷವನ್ನು ಗುರುತಿಸಲು ನೆರವಾಗುತ್ತವೆ.

ಮಲೆನಾಡಿನ ಸಂದರ್ಭ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ಅಂಚಿನಲ್ಲಿ ದೂರದೂರಕ್ಕೆ ಚದುರಿರುತ್ತವೆ. ತಂತಿಗಳು ಕಾಡಿನ ಮರಗಳ ನಡುವೆ ಹಾದುಬರುತ್ತವೆ. ಹೆಗಡೆಕಟ್ಟಾದಂತಹ ಗ್ರಾಮಗಳಲ್ಲಿ ಗಾಳಿ-ಮಳೆಯ ದಿನಗಳಲ್ಲಿ ವಿದ್ಯುತ್ತೂ ಜಾಲಸಂಪರ್ಕವೂ ಕಡಿದುಹೋಗುವುದು ಸಹಜ. ಇವೆರಡರ ಪರಿಣಾಮ ಬೇರೆ ಬೇರೆ. ಸಂಪರ್ಕ ಕಡಿದರೆ ಪುಟ ತೆರೆಯುವುದಿಲ್ಲ, ಆದರೆ ಬ್ರೌಸರ್ ಕುಸಿಯುವುದಿಲ್ಲ. ವಿದ್ಯುತ್ ಹಠಾತ್ತನೆ ಹೋದರೆ ಪ್ರೊಫೈಲಿನ ಕಡತಗಳು ಕೆಡುವ ಅಪಾಯವಿದೆ. ಬ್ಯಾಟರಿಯಿಲ್ಲದ ಮೇಜುಗಣಕಗಳಲ್ಲಿ ಇದು ಹೆಚ್ಚು. ಆದ್ದರಿಂದ ಇಂತಹ ಗಣಕಗಳಿಗೆ ಯುಪಿಎಸ್ ಜೋಡಿಸುವುದು ಬ್ರೌಸರ್‌ನ ಆರೋಗ್ಯಕ್ಕೂ ಸಂಬಂಧಿಸಿದ ಕ್ರಮ. ಗುಡುಗು-ಸಿಡಿಲು ಆರಂಭವಾಗುವ ಮೊದಲೇ ಗಣಕದ ಜೊತೆಗೆ ಮೋಡೆಮ್‌ನ ಪ್ಲಗ್ಗನ್ನೂ ತೆಗೆದಿಡಬೇಕು.

ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟ ಗಣಕದಲ್ಲಿ ರ‍್ಯಾಮ್ ಮತ್ತಿತರ ಭಾಗಗಳ ಸಂಪರ್ಕಬಿಂದುಗಳು ಮಾಸಬಹುದು. ಕುಸಿತ ಕ್ರಮವಿಲ್ಲದೆ ಎಲ್ಲ ತಂತ್ರಾಂಶಗಳಲ್ಲೂ ಕಾಣಿಸಿಕೊಂಡರೆ ಮೆಮೊರಿ ಪರೀಕ್ಷೆಯನ್ನು ನಡೆಸಿ, ಬಳಿಕ ತಿಳಿದವರಿಂದ ಒಳಭಾಗವನ್ನು ಸ್ವಚ್ಛಗೊಳಿಸಬೇಕು.

ಅಡಿಕೆ, ಕಾಳುಮೆಣಸು ಬೆಳೆಗಳ ಹವಾಮಾನ ಆಧಾರಿತ ವಿಮೆಯ ನೋಂದಣಿ ಮುಂಗಾರಿನ ಹೊತ್ತಿಗೇ ಬರುತ್ತದೆ. ಇದು ರಾಜ್ಯದ ‘ಸಂರಕ್ಷಣೆ’ ಜಾಲತಾಣದಲ್ಲಿ ದಾಖಲಾಗುತ್ತದೆ. ಇಂತಹ ದಿನಾಂಕಬದ್ಧ ಕೆಲಸಗಳಿಗೆ ಸರ್ವೆ ನಂಬರು, ರೈತ ಗುರುತಿನ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ದೀರ್ಘ ಬರಹವಿದ್ದರೆ ಅದನ್ನು ನೋಟ್‌ಪ್ಯಾಡ್‌ನಂತಹ ತಂತ್ರಾಂಶದಲ್ಲಿ ಮೊದಲು ಟೈಪಿಸಿ ಉಳಿಸಿ, ಆಮೇಲೆ ಪುಟಕ್ಕೆ ಅಂಟಿಸಿದರೆ ಕುಸಿತದಿಂದ ಆಗುವ ನಷ್ಟ ಕೆಲವು ನಿಮಿಷಗಳಿಗೆ ಸೀಮಿತವಾಗುತ್ತದೆ. ಕೊನೆಯ ದಿನದವರೆಗೆ ಕಾಯದಿರುವುದು ಎಲ್ಲಕ್ಕಿಂತ ದೊಡ್ಡ ರಕ್ಷಣೆ.

ನಕಲಿ ಎಚ್ಚರಿಕೆಗಳು

ಕುಸಿತದ ಭಯವನ್ನೇ ಬಳಸಿಕೊಳ್ಳುವ ವಂಚನೆಗಳೂ ಇವೆ. ಪರದೆಯನ್ನು ಪೂರ್ತಿ ಆವರಿಸಿ, ‘ಗಣಕಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ’ ಎಂದು ಶಬ್ದಸಹಿತ ಎಚ್ಚರಿಸುವ ಪುಟವು ಸಾಮಾನ್ಯ ಜಾಲಪುಟವೇ ಆಗಿರುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷಸೂಚನೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಪೂರ್ಣಪರದೆಯಿಂದ ಹೊರಬಂದು ಪುಟವನ್ನು ಮುಚ್ಚಬಹುದು. ಅದು ಸಾಧ್ಯವಾಗದಿದ್ದರೆ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ನಿಲ್ಲಿಸಬಹುದು. ಮತ್ತೆ ತೆರೆದಾಗ ಈ ಒಂದು ಸಂದರ್ಭದಲ್ಲಿ ಮಾತ್ರ ಹಿಂದಿನ ಪುಟಗಳನ್ನು ಮರಳಿ ತರಬಾರದು. ಕರೆ ಮಾಡಿ ಗಣಕದ ನಿಯಂತ್ರಣವನ್ನು ಅಪರಿಚಿತರಿಗೆ ಒಪ್ಪಿಸಿದ್ದರೆ ಜಾಲಸಂಪರ್ಕವನ್ನು ಕೂಡಲೇ ಕಡಿದು, ಬ್ಯಾಂಕಿಗೆ ತಿಳಿಸಬೇಕು. ಹಣ ಕಳೆದುಕೊಂಡವರು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಬೇಗನೆ ಕರೆ ಮಾಡಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚುತ್ತದೆ.

ಇವನ್ನೂ ನೋಡಿ

• ವೆಬ್ ಬ್ರೌಸರ್
• ಮೊಜಿಲ್ಲಾ ಫೈರ್‌ಫಾಕ್ಸ್
• ಗೂಗಲ್ ಕ್ರೋಮ್
• ಕಾರ್ಯಾಚರಣ ವ್ಯವಸ್ಥೆ
• ಯುನಿಕೋಡ್
• ಸೈಬರ್ ಅಪರಾಧ